ಮಗ್ಗುಲು ಬದಲಿಸಿದ ಏಳು ಎಳೆ

ಜಾಯಿಂಟರಮ್ಮನ ಕಣ್ಣಿಗೆ ತಪ್ಪೊಂದು ಬಿದ್ದರೆ ಮುಗಿಯಿತು, ಅದನ್ನು ನೇರ ಮಾಡದೆ ಅವಳು ನೀರನ್ನೂ ಕುಡಿಯುವವಳಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿಯ ಕಾಗದದಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವಳು ಜಾಯಿಂಟರಮ್ಮನೇ. ಕೂದಲು ಕಪ್ಪಗಿದ್ದ ಕಾಲದಿಂದ ಬೆಳ್ಳಗಾಗುವ ತನಕ ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜೋಡಿಸಿದವಳು. ರಸ್ತೆಯ ಗುಂಡಿಗೆ ಇಳಿದು, ತೋಳು ದಪ್ಪದ ಕೇಬಲ್ಲಿನ ಹೊಟ್ಟೆ ಸೀಳಿ, ಒಳಗಿನ ಎಳೆಗಳನ್ನು ಆಚೆ ಬದಿಯ ಎಳೆಗಳಿಗೆ ಒಂದೊಂದಾಗಿ ಸೇರಿಸುವುದು ಅವಳ ಕೆಲಸ. ಮೇಲೆ ಬಸ್ಸು ಹೋಗುತ್ತಿತ್ತು, ಕೆಳಗೆ ಇವಳು ಕೂತು ಬಣ್ಣ ನೋಡಿ ಬಣ್ಣಕ್ಕೆ ಗಂಟು ಹಾಕುತ್ತಿದ್ದಳು.

ಒಮ್ಮೆ ಪಕ್ಕದ ವಿಭಾಗದ ಯಾರೋ ಪುಣ್ಯಾತ್ಮ ಎರಡು ಫೋನುಗಳ ಎಳೆಜೋಡಿಗಳನ್ನು ಅದಲು ಬದಲು ಮಾಡಿ ಗುಂಡಿ ಮುಚ್ಚಿಬಿಟ್ಟಿದ್ದ. ಹಲ್ಲು ಕೀಳಿಸಿಕೊಳ್ಳಬೇಕೆಂದು ಫೋನ್ ಮಾಡಿದವರಿಗೆಲ್ಲ ಬೇಕರಿಯವನು ‘ಬಿಸಿ ಬಿಸಿ ಇದೆ, ಬೇಗ ಬನ್ನಿ’ ಎನ್ನುತ್ತಿದ್ದ. ಆ ತಪ್ಪು ಹುಡುಕಿ ಸರಿ ಮಾಡಿದವಳು ಜಾಯಿಂಟರಮ್ಮ. ಅಂದಿನಿಂದ ಅವಳದ್ದೊಂದು ಮಾತು ಹುಟ್ಟಿಕೊಂಡಿತು. “ಅಡ್ಡ ಹೋದ ತಂತಿ, ಅಡ್ಡದಾರಿ ಹಿಡಿದ ಗಂಡ, ಎರಡನ್ನೂ ಮೊದಲನೇ ದಿನವೇ ನೇರ ಮಾಡ್ಬೇಕು.” ಅವಳ ಗಂಡ ಬದುಕಿದ್ದಷ್ಟು ದಿನ ಈ ಮಾತು ಬಂದಾಗಲೆಲ್ಲ ಪಾಪ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ.

ಇಂಥವಳಿಗೆ ತಂಗಿಯ ಮನೆಯಿಂದ ಕರೆ ಬಂತು. “ಅಕ್ಕಾ, ಇಲಿ ಬಂದು ನನ್ನ ಕಂಪ್ಯೂಟರಿನ ತಂತಿ ತಿಂದಿದೆ. ಶನಿವಾರ ಗುಜರಿಯವನಿಗೆ ಬರೋಕೆ ಹೇಳಿದ್ದೀನಿ. ನಿಂಗೂ ಒಂದು ಮಾತು ತಿಳಿಸೋಣ ಅಂತ.”

“ಇಲಿ ತಿಂದಿದ್ದು ತಂತಿ ತಾನೇ? ಕಂಪ್ಯೂಟರ್ ಯಾಕೆ ಗುಜರಿಗೆ? ಮೂಗಿಗೆ ನೆಗಡಿ ಬಂದ್ರೆ ಮೂಗು ಕೊಯ್ಕೋತೀಯೇನೇ? ಅಲ್ಲೇ ಇರು, ಬಂದೆ.”

ತಂಗಿಯ ಮನೆ ಎರಡು ಬೀದಿ ಆಚೆ. ಹಿಂದಿನ ಕೋಣೆಯೇ ಅವಳ ಕಾರ್ಖಾನೆ: ಮಂಚದಷ್ಟು ಉದ್ದದ ಹೆಣಿಗೆ ಯಂತ್ರ, ಗೋಡೆಯ ತುಂಬ ಉಣ್ಣೆಯ ಉಂಡೆಗಳು, ಮೂಲೆಯಲ್ಲಿ ಹಳದಿ ತಿರುಗಿದ ಹಳೇ ಕಂಪ್ಯೂಟರು. ಸ್ವೆಟರಿನ ಮೇಲೆ ಬರಬೇಕಾದ ಚಿತ್ತಾರವನ್ನು ತಂಗಿ ಅದರಲ್ಲಿ ಚೌಕ ಚೌಕವಾಗಿ ಬರೆಯುತ್ತಿದ್ದಳು. ಒಂದು ಕುಣಿಕೆಗೆ ಒಂದು ಚೌಕ. ಬರೆದದ್ದು ಚಪ್ಪಟೆ ಫ್ಲಾಪಿ ಡಿಸ್ಕಿನಲ್ಲಿ ಉಳಿಯುತ್ತಿತ್ತು, ಅದನ್ನು ಕಂಪ್ಯೂಟರು ಓದಿ ಹೇಳಿದಂತೆ ಯಂತ್ರ ಹೆಣೆಯುತ್ತಿತ್ತು. ಯಂತ್ರಕ್ಕೆ ಆ ಕಂಪ್ಯೂಟರಿನ ಮಾತು ಬಿಟ್ಟು ಬೇರೆ ಯಾರ ಮಾತೂ ಅರ್ಥವಾಗುವುದಿಲ್ಲ. ತಂಗಿಯ ಇಡೀ ಜೀವಮಾನದ ಚಿತ್ತಾರ ಶೂ ಪೆಟ್ಟಿಗೆಯೊಂದರಲ್ಲಿ, ಫ್ಲಾಪಿಗಳ ರೂಪದಲ್ಲಿ, ಸಾಲಾಗಿ ನಿಂತಿತ್ತು.

ತಂಗಿ ಚಹಾ ತಂದಳು. ಬಾಗಿಲಿನಿಂದ ಮೇಜಿನ ತನಕ ಕಪ್ ಸಾಸರಿನ ಮೇಲೆ ಟಿಕಟಿಕ ಎನ್ನುತ್ತಲೇ ಬಂತು. ಅರ್ಧ ಚಹಾ ಸಾಸರಿನಲ್ಲಿತ್ತು.

“ಕಪ್ಪಿನಲ್ಲಿ ಕುಡಿಯೋದೋ ಸಾಸರಿನಲ್ಲಿ ಕುಡಿಯೋದೋ ನಾನು ತೀರ್ಮಾನ ಮಾಡ್ತೀನಿ, ನೀನ್ಯಾಕೆ ಮಾಡೋಕೆ ಹೋದೆ?” ಎಂದಳು ಜಾಯಿಂಟರಮ್ಮ.

“ಕೈ ಅಕ್ಕ. ಮತ್ತೆ ಶುರುವಾಗಿದೆ.”

“ಚಳಿ ಕಣೇ. ಸರಿಯಾಗಿ ಊಟ ಮಾಡು.”

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ತಂಗಿ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಹೀಗೆ ವರ್ಷದಿಂದ ನಡೆದಿತ್ತು. ತಂಗಿ ಕೈ ಎನ್ನುವುದು, ಅಕ್ಕ ಚಳಿ ಎನ್ನುವುದು, ನಿದ್ದೆ ಎನ್ನುವುದು, ರಕ್ತ ಕಡಿಮೆ ಎನ್ನುವುದು. ಊರಿನ ತಂತಿಗಳ ತಪ್ಪನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುವವಳಿಗೆ ಇದೊಂದು ಮಾತ್ರ ಕಾಣಿಸುತ್ತಿರಲಿಲ್ಲ. ಕಾಣದೆ ಏನು, ಕಾಣುತ್ತಿತ್ತು. ಕಂಡರೆ ಅದು ನಿಜವಾಗಿಬಿಡುತ್ತದಲ್ಲ ಎಂಬ ಭಯ.

“ನೋಡಕ್ಕ, ಡಿಸ್ಕಿನಲ್ಲಿರೋದು ಹೋದ್ರೆ ಹೊಸದಾಗಿ ಬರೆಯೋಕೆ ಈ ಕೈಯಲ್ಲಿ ಆಗಲ್ಲ. ಹಳೇದು ಓದೋಕೆ ಬಂದ್ರೆ ಕಾರ್ಖಾನೆ ಉಂಟು, ಇಲ್ಲಾಂದ್ರೆ ಇಲ್ಲ. ಅಷ್ಟೇ,” ಎಂದಳು ತಂಗಿ. ಅಳಲಿಲ್ಲ. ಬಟ್ಟೆ ಅಳತೆ ಹೇಳುವ ದನಿಯಲ್ಲೇ ಹೇಳಿದಳು.

ಈ ಕೋಣೆ ಖಾಲಿಯಾದರೆ ತಂಗಿ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಾಳೆ. ಕೂತವಳು ಮತ್ತೆ ಏಳುವುದಿಲ್ಲ. ಅದು ಅಕ್ಕನಿಗೆ ಖಂಡಿತ ಗೊತ್ತಿತ್ತು. “ಒಂದು ಜುಜುಬಿ ತಂತಿಗೆ ಇಷ್ಟೊಂದು ರಾಮಾಯಣವೇ? ಶನಿವಾರದೊಳಗೆ ಮಾಡಿ ಕೊಡ್ತೀನಿ. ನಾನು ಯಾರು ಅಂದ್ಕೊಂಡೆ?” ಎಂದು ಸ್ಕ್ರೂಡ್ರೈವರ್ ಕೇಳಿದಳು.

ಕಂಪ್ಯೂಟರಿನ ಮುಚ್ಚಳ ತೆಗೆದು ಹಳೇ ಕೇಬಲ್ಲನ್ನು ಹೊರಕ್ಕೆಳೆದಳು. ಅಂಗೈ ಅಗಲ ಇರದ ಬೂದು ಬಣ್ಣದ ಪಟ್ಟಿ. ಮೂವತ್ತನಾಲ್ಕು ಎಳೆಗಳು ಒಂದರ ಪಕ್ಕ ಒಂದು ಅಂಟಿಕೊಂಡಿದ್ದವು. ಒಂದು ಅಂಚಿನ ಎಳೆಗೆ ಮಾತ್ರ ಕೆಂಪು, ಎಣಿಕೆ ಅಲ್ಲಿಂದ ಶುರು ಎಂದು ತಿಳಿಯಲಿಕ್ಕೆ. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ಡಿಸ್ಕು ಓದುವ ಡ್ರೈವಿಗೆ. ನಡುವೆ ಇನ್ನೊಂದು ಕನೆಕ್ಟರ್, ಸಿಕ್ಕಿಸುವ ಬಾಯಿ, ಖಾಲಿ ತೂಗುತ್ತಿತ್ತು, ಎರಡನೇ ಡ್ರೈವ್ ಇದ್ದವರಿಗಾಗಿ. ಇಲಿ ಬುಡದಲ್ಲೇ ಭರ್ಜರಿ ಊಟ ಮಾಡಿತ್ತು.

ಅಷ್ಟರಲ್ಲಿ ಜಾಯಿಂಟರಮ್ಮನ ಕಣ್ಣು ಡ್ರೈವಿನ ಕಡೆಯ ತುದಿಗೆ ಹೋಯಿತು. ಅಲ್ಲಿ ಪಟ್ಟಿಯ ಮಧ್ಯದ ಏಳು ಎಳೆಗಳನ್ನು ಯಾರೋ ಉಳಿದವುಗಳಿಂದ ಸೀಳಿ ಬೇರೆ ಮಾಡಿ, ದೋಸೆ ಮಗುಚಿದ ಹಾಗೆ ಮಗುಚಿ ಕನೆಕ್ಟರಿಗೆ ಒತ್ತಿದ್ದರು. ಎಡಗಡೆಯ ಎಳೆ ಬಲಕ್ಕೆ, ಬಲಗಡೆಯದು ಎಡಕ್ಕೆ.

“ಅಯ್ಯೋ ಇವನ ಕೈ ಸೇದಿಹೋಗ! ನೋಡೇ ಪುಟ್ಟೀ, ನೋಡು! ಯಾವ ಕುಡುಕ ಮಾಡಿದ್ನೋ ಇದನ್ನ. ಏಳಕ್ಕೆ ಏಳೂ ಅಡ್ಡ!”

“ಅದು ಮೊದಲಿನಿಂದ ಹಾಗೇ ಇತ್ತಕ್ಕ.”

“ಮೊದಲಿನಿಂದ ತಪ್ಪಿದ್ರೆ ಸರಿ ಆಗುತ್ತಾ? ನಿನ್ನ ಯಂತ್ರ ಇಷ್ಟು ದಿನ ಹೇಗೋ ಕುಂಟಿಕೊಂಡು ನಡೆದಿದೆ. ಇನ್ನು ಕುದುರೆ ಹಾಗೆ ಓಡುತ್ತೆ ನೋಡ್ತಿರು.” ಹಳೇ ಕೇಬಲ್ಲನ್ನು ಉಣ್ಣೆಯ ಚೂರು ಹಾಕುವ ಬುಟ್ಟಿಗೆ ಎಸೆದು ಕೈ ಝಾಡಿಸಿದಳು.

ಮಾರನೇ ದಿನ ಪೇಟೆಗೆ ಹೋದಳು. ಫ್ಲಾಪಿಯ ಕೇಬಲ್ ಎಂದಾಗ ಮೊದಲ ಅಂಗಡಿಯವನು ನಕ್ಕ, ಎರಡನೆಯವನು ‘ಅಜ್ಜೀ’ ಎಂದ. ಅವನಿಗೆ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೊನೆಗೆ ಮಿನುಗುವ ನಾಮಫಲಕ ಮಾಡುವವನ ಹತ್ತಿರ ಅಂಥದೇ ಪಟ್ಟಿ ತಂತಿಯ ಸುರುಳಿ ಸಿಕ್ಕಿತು. ನಲವತ್ತು ಎಳೆಯದು ಮಾತ್ರ ಇತ್ತು. “ಇರಲಿ, ಹೆಚ್ಚಿದ್ದದ್ದನ್ನ ಸುಲಿಯೋದು ಗೊತ್ತು. ಕಡಿಮೆ ಇದ್ದದ್ದನ್ನ ಬೆಳೆಸೋಕೆ ಆಗಲ್ಲ,” ಎಂದು ಕೊಂಡಳು. ಕನೆಕ್ಟರುಗಳನ್ನು ಬೇಕಾದದ್ದಕ್ಕಿಂತ ಒಂದೆರಡು ಜಾಸ್ತಿಯೇ ತೆಗೆದುಕೊಂಡಳು. ತನಗೆ ಬೇಕಾಗುತ್ತದೆಂದಲ್ಲ, ಅಂಗಡಿಯವನ ಮಾಲನ್ನು ನಂಬುವುದು ಹೇಗೆ?

ಶನಿವಾರ ಬೆಳಗ್ಗೆ ತಂಗಿಯ ಕೋಣೆಯಲ್ಲಿ ಕೆಲಸ ಶುರುವಾಯಿತು. ಕೆಂಪಿಲ್ಲದ ಕಡೆಯಿಂದ ಆರು ಎಳೆ ಸುಲಿದಳು. ಕನೆಕ್ಟರಿನ ಒಳಗೆ ಚೂಪು ಹಲ್ಲುಗಳ ಸಾಲು; ಪಟ್ಟಿಯನ್ನು ನಡುವೆ ಇಟ್ಟು ಒತ್ತಿದರೆ ಒಂದೊಂದು ಹಲ್ಲೂ ಒಂದೊಂದು ಎಳೆಯನ್ನು ಕಚ್ಚುತ್ತದೆ. ಹಲ್ಲು ಕೂದಲೆಳೆಯಷ್ಟು ಆಚೀಚೆಯಾದರೂ ಎರಡು ಎಳೆ ಒಂದೇ ಬಾಯಿಗೆ ಬೀಳುತ್ತವೆ. ತಂಗಿ “ನಾನು ನೋಡ್ಲಾ?” ಎಂದು ಎರಡು ಸಲ ಕೇಳಿದಳು. “ನೀನು ಸುಮ್ನೆ ಕೂತ್ಕೋ” ಎಂದು ಎರಡು ಸಲವೂ ಉತ್ತರ ಬಂತು. ಜಾಯಿಂಟರಮ್ಮ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು, ಎರಡು ಮರದ ತುಂಡುಗಳ ನಡುವೆ ಕನೆಕ್ಟರನ್ನು ಇಟ್ಟು ಮೇಜಿಗೆ ಬಿಗಿದ ಇಕ್ಕಳದಂಥ ವೈಸಿನಲ್ಲಿ ಮೆಲ್ಲಗೆ ತಿರುಗಿಸಿದಳು. ಕರ್ರ್ ಎಂದು ಕಚ್ಚಿತು. ಹಾಗೆಯೇ ಇನ್ನೊಂದು. ಹಾಗೆಯೇ ಮತ್ತೊಂದು.

ಆಮೇಲೆ, ತಂತಿ ಕೂಡಿದ್ದರೆ ಪೀಂ ಎನ್ನುವ ತನ್ನ ಮೀಟರ್ ತೆಗೆದು ಒಂದೊಂದೇ ಎಳೆಯನ್ನು ಪರೀಕ್ಷಿಸಿದಳು. ಮೊದಲಿನದು ಮೊದಲಿನದಕ್ಕೆ ಪೀಂ, ಎರಡನೆಯದು ಎರಡನೆಯದಕ್ಕೆ ಪೀಂ. ಕೊನೆಯ ಎಳೆಯ ತನಕ ಒಂದೂ ತಪ್ಪಲಿಲ್ಲ, ಒಂದೂ ಪಕ್ಕದವಳ ಮನೆಗೆ ಇಣುಕಲಿಲ್ಲ. ಕೇಬಲ್ಲನ್ನು ಬೆಳಕಿಗೆ ಹಿಡಿದು ನೋಡಿದಾಗ ಅವಳ ಮುಖ ಅರಳಿತು. ಬಾಚಿ ಎಣ್ಣೆ ಹಚ್ಚಿದ ಕೂದಲಿನಂತಿತ್ತು ಅದು.

ಕಂಪ್ಯೂಟರಿಗೆ ಹಾಕಿ ಗುಂಡಿ ಒತ್ತಿದಳು. ಪರದೆ ಬೆಳಗಿತು. ತಂಗಿ ಶೂ ಪೆಟ್ಟಿಗೆಯಿಂದ ಫ್ಲಾಪಿಯೊಂದನ್ನು ತೆಗೆದು ಡ್ರೈವಿಗೆ ತೂರಿಸಿದಳು, ಮೂರನೇ ಯತ್ನಕ್ಕೆ ಹೋಯಿತು. ಇಬ್ಬರೂ ಕಾದರು. ಡ್ರೈವಿನ ದೀಪ ಹತ್ತಲಿಲ್ಲ. ಒಳಗಿನಿಂದ ಗುರ್ ಎನ್ನುವ ಸದ್ದಿಲ್ಲ, ಕಟಕಟ ಇಲ್ಲ. ಡಿಸ್ಕು ಸಿದ್ಧವಿಲ್ಲ ಎಂದು ಪರದೆ ಹೇಳಿತು. ಮತ್ತೆ ಕೇಳಿದರು, ಮತ್ತೆ ಅದನ್ನೇ ಹೇಳಿತು.

ಜಾಯಿಂಟರಮ್ಮ ಕೇಬಲ್ ಬಿಚ್ಚಿ ಮೀಟರ್ ಹಿಡಿದಳು. ಎಲ್ಲವೂ ಪೀಂ. ಮತ್ತೆ ಸಿಕ್ಕಿಸಿದಳು. ಇಲ್ಲ. “ಡ್ರೈವ್ ಕೆಟ್ಟಿರ್ಬೇಕು,” ಎಂದಳು. “ಇಲಿ ಒಳಗೂ ಹೋಗಿರ್ಬೇಕು,” ಎಂದಳು. “ಕರೆಂಟೇ ಸರಿಯಿಲ್ಲ ನಿಮ್ಮ ಬೀದೀಲಿ,” ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರಲ್ಲ, ಆ ನೆಲದ ಒಂದೊಂದು ಚಪ್ಪಡಿಯನ್ನೂ ಎಣಿಸಿ ಬೈದಳು.

“ಬಿಡಕ್ಕ,” ಎಂದಳು ತಂಗಿ. “ನೀನು ಮಾಡೋದೆಲ್ಲ ಮಾಡಿದೆ. ಮಧ್ಯಾಹ್ನ ಗುಜರಿಯವನು ಬರ್ತಾನೆ, ಕೊಟ್ಟುಬಿಡೋಣ. ಕೈಯೇ ಹೋದ ಮೇಲೆ ಇದು ಇದ್ದೇನು.”

“ಕೈಗೆ ಏನಾಗಿದೆ? ನಿನ್ನ ಕೈಗೆ ಏನೂ ಆಗಿಲ್ಲ!”

ತಂಗಿಗೆ ಸಿಟ್ಟು ಬರುವುದು ಅಪರೂಪ. ಈಗ ಬಂತು. “ಎಲ್ಲರ ತಪ್ಪು ಹುಡುಕ್ತೀಯ, ನನ್ನ ಕೈ ಮಾತ್ರ ನೋಡಲ್ಲ ನೀನು. ರಾತ್ರಿ ಎಲ್ಲ ಹೆದರಿಕೊಂಡು ಒಬ್ಬಳೇ ಬಿದ್ದಿರ್ತೀನಿ. ಬೆಳಗ್ಗೆ ನಿಂಗೆ ಹೇಳಿದ್ರೆ ಚಳಿ ಅಂತೀಯ. ಚಳಿಯಂತೆ ಚಳಿ!”

ಜಾಯಿಂಟರಮ್ಮ ಮೀಟರನ್ನು ಪಕ್ಕಕ್ಕಿಟ್ಟಳು. ತಂಗಿ ಎದ್ದು ಯಂತ್ರದ ಸುತ್ತ ಬಿದ್ದಿದ್ದ ಚೂರುಪಾರು ಗುಡಿಸತೊಡಗಿದಳು. ಬುಟ್ಟಿಗೆ ಹಾಕಲು ಹೋದವಳ ಕಣ್ಣಿಗೆ ಹಳೇ ಕೇಬಲ್ ಬಿತ್ತು. ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಳು. ಬಹಳ ಹೊತ್ತು ನೋಡಿದಳು. ಕೈ ನಡುಗುತ್ತಿದ್ದರಿಂದ ಕೇಬಲ್ಲೂ ನಡುಗುತ್ತಿತ್ತು, ಆದರೆ ಅವಳ ಕಣ್ಣು ಕದಲಲಿಲ್ಲ.

“ಅಕ್ಕಾ, ಇದು ಕುಡುಕ ಮಾಡಿದ್ದಲ್ಲ.”

“ಮತ್ತಿನ್ಯಾರು ಮಾಡಿದ್ದು?”

“ಇಲ್ಲಿ ನೋಡು. ಸೀಳಿರೋದು ಎರಡೂ ಕಡೆ ಸಮ ಇದೆ. ಒಂದು ಎಳೆಗೂ ಗಾಯ ಆಗಿಲ್ಲ. ಕೈ ತಪ್ಪಿ ಆಗಿದ್ರೆ ಒಂದೋ ಎರಡೋ ಅಡ್ಡ ಹೋಗೋದು. ಇಲ್ಲಿ ಏಳೂ ಒಟ್ಟಿಗೆ ಎದ್ದು, ಒಟ್ಟಿಗೆ ಹೊರಳಿ, ಒಟ್ಟಿಗೆ ಮಲಗಿವೆ.” ಅವಳು ಗೋಡೆಗೆ ತೂಗುಹಾಕಿದ್ದ ಸ್ವೆಟರೊಂದನ್ನು ಎಳೆದು ಎದೆಯ ಮೇಲಿನ ಜಡೆಯಂಥ ಚಿತ್ತಾರಕ್ಕೆ ಬೆರಳಿಟ್ಟಳು. “ಇದನ್ನ ಹೇಗೆ ಹೆಣೀತೀನಿ ಗೊತ್ತಾ? ನೆಟ್ಟಗೆ ಬರೋ ಕುಣಿಕೆಗಳನ್ನ ಬೇಕಂತಲೇ ಒಂದರ ಮೇಲೊಂದು ದಾಟಿಸ್ತೀನಿ. ದಾಟಿಸದೆ ಇದ್ರೆ ಜಡೆ ಎಲ್ಲಿಂದ ಬರಬೇಕು? ನಿನ್ನ ಕೆಲಸದಲ್ಲಿ ದಾಟಿದ್ರೆ ತಪ್ಪು. ನನ್ನ ಕೆಲಸದಲ್ಲಿ ಅದೇ ಚಿತ್ತಾರ. ಇದನ್ನ ಮಾಡಿದವನು ನನ್ನ ಜಾತಿಯವನು ಅಕ್ಕ, ನಿನ್ನವನಲ್ಲ.”

“ತಂತಿಗೂ ಸ್ವೆಟರಿಗೂ ಎಲ್ಲಿಂದೆಲ್ಲಿಗೆ!” ಎಂದಳು ಜಾಯಿಂಟರಮ್ಮ, ಆದರೆ ದನಿಯಲ್ಲಿ ಗಟ್ಟಿಯಿರಲಿಲ್ಲ. ಹಳೇ ಕೇಬಲ್ಲನ್ನು ಕಿತ್ತುಕೊಂಡು ನಡುವಿನ ಖಾಲಿ ಕನೆಕ್ಟರನ್ನು ನೋಡಿದಳು. ಅದರ ತನಕ ಎಲ್ಲ ನೆಟ್ಟಗಿತ್ತು. ಅದು ದಾಟಿದ ಮೇಲೆ, ಕೊನೆಯ ಕನೆಕ್ಟರಿಗೆ ಮುಂಚೆ, ಹೊರಳು. ಹಿಂದೆ ಇಲಾಖೆ ಒಂದೇ ತಂತಿಯಲ್ಲಿ ಎರಡು ಮನೆಗೆ ಫೋನ್ ಕೊಡುತ್ತಿದ್ದದ್ದು ಅವಳಿಗೆ ನೆನಪಾಯಿತು: ಒಂದೇ ತಂತಿ, ಎರಡು ಮನೆ. ಅವಳ ಹುಬ್ಬು ಮೇಲಕ್ಕೆ ಹೋಯಿತು. ಕೈ ತಾನಾಗಿ ಹಣೆ ಚಚ್ಚಿಕೊಂಡಿತು.

“ಥೂ ನನ್ನ! ಪುಟ್ಟೀ, ಇದು ಒಂದೇ ಲೈನಿನಲ್ಲಿ ಎರಡು ಮನೆ ಕಣೇ! ಕಾರ್ಖಾನೆಯವರು ಎಲ್ಲ ಡ್ರೈವಿಗೂ ಒಂದೇ ನಂಬರ್ ಹಾಕಿ ಕಳಿಸಿರ್ತಾರೆ, ಎರಡನೇ ಮನೆ ಅಂತ. ಹೊರಳಿಸಿದ ತಂತಿಗೆ ಸಿಕ್ಕಿದ ಡ್ರೈವ್ ಮಾತ್ರ ಮೊದಲನೇ ಮನೆ ಆಗುತ್ತೆ. ಕಂಪ್ಯೂಟರ್ ಪಾಪ ಮೊದಲನೇ ಮನೆಗೆ ರಿಂಗ್ ಮಾಡ್ತಾ ಇದೆ. ಇದು ‘ನನಗಲ್ಲ, ಪಕ್ಕದ ಮನೆಗೆ’ ಅಂತ ಕಾಲು ಚಾಚಿ ಮಲಗಿದೆ!”

“ಅಂದ್ರೆ ನೀನು ಸರಿ ಮಾಡಿದ್ದೇ…”

“ಮುಚ್ಚು ಬಾಯಿ. ಆ ಬ್ಲೇಡ್ ಕೊಡು.”

ಅಷ್ಟರಲ್ಲಿ ಬಾಗಿಲಲ್ಲಿ ಗಾಡಿ ನಿಂತ ಸದ್ದಾಯಿತು. “ಅಮ್ಮಾ, ಗುಜರಿ!” ಎಂದು ಕೂಗು ಬಂತು. ಗುಜರಿಯವನು ಒಳಗೆ ಬಂದು ಯಂತ್ರವನ್ನು ಕಣ್ಣಲ್ಲೇ ತೂಗಿದ.

“ಅಲ್ಲೇ ಕೂತಿರಪ್ಪ. ಮುಟ್ಟಬೇಡ,” ಎಂದಳು ಜಾಯಿಂಟರಮ್ಮ.

“ಗಾಡಿ ಬಿಸಿಲಲ್ಲಿದೆ ಅಮ್ಮ.”

“ಗಾಡಿಗೇನು ಬೆವರು ಬರುತ್ತಾ? ಕೂತ್ಕೋ.” ಅವನು ಕೂತ.

ಜಾಯಿಂಟರಮ್ಮ ತಾನು ಬೆಳಗ್ಗೆ ಒತ್ತಿದ ಕೊನೆಯ ಕನೆಕ್ಟರನ್ನು ಕತ್ತರಿಸಿ ತೆಗೆದಳು. ಅಷ್ಟು ಅಂದದ ಕೆಲಸವನ್ನು ಎಸೆಯಲು ಮನಸ್ಸಾಗದೆ ತುಂಡನ್ನು ಮೇಜಿನ ಮೇಲೆ ಜೋಪಾನವಾಗಿಟ್ಟಳು. ಬ್ಲೇಡ್ ಹಿಡಿದು ಎಣಿಸಲು ಹೊರಟಳು. ಕೆಂಪಿನಿಂದ ಒಂದು, ಎರಡು, ಮೂರು… ಕಣ್ಣು ಮಂಜಾಯಿತು. ಮತ್ತೆ ಮೊದಲಿನಿಂದ. ಐದೋ ಆರೋ ಎನ್ನುವಷ್ಟರಲ್ಲಿ ಬೂದು ಎಳೆಗಳೆಲ್ಲ ಸೇರಿ ಒಂದಾದವು. ಬೆಳಗ್ಗಿನಿಂದ ಭೂತಗನ್ನಡಿಯಲ್ಲಿ ನೋಡಿ ನೋಡಿ ಕಣ್ಣು ಸೋತಿತ್ತು. ಅವಳು ಬ್ಲೇಡನ್ನು ಕೆಳಗಿಟ್ಟಳು. ಹೇಳಲು ಕಷ್ಟವಾಯಿತು, ಆದರೂ ಹೇಳಿದಳು.

“ಪುಟ್ಟೀ, ಕಾಣ್ತಾ ಇಲ್ಲ ಕಣೇ ನಂಗೆ. ನೀನು ಎಣಿಸು.”

ತಂಗಿ ಜೀವಮಾನವಿಡೀ ಕುಣಿಕೆ ಎಣಿಸಿದವಳು. ಬಾಗಿ ಹಳೇ ಕೇಬಲ್ಲನ್ನೊಮ್ಮೆ, ಹೊಸದನ್ನೊಮ್ಮೆ ನೋಡಿದಳು, ಅಷ್ಟೇ. “ಒಂಬತ್ತು ಬಿಡು. ಹತ್ತನೇದರಿಂದ ಏಳು ತಗೋ. ಬ್ಲೇಡ್ ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ ಸೀಳು.” ಅಕ್ಕ ಸೀಳಿದಳು. ಅವಳ ಕೈ ಬಂಡೆಯಂತೆ ನಿಂತಿತ್ತು. “ಈಗ ಈ ಕಡೆ. ಹಾಂ. ಒಟ್ಟಿಗೆ ಎತ್ತಿ ಮಗುಚು, ಒಂದೂ ಬೇರೆ ಆಗಬಾರದು. ಈಗ ಹಲ್ಲಿಗೆ ಕೂರಿಸು. ಇಲ್ಲ, ಇನ್ನೊಂದು ಚೂರು. ಸಾಕು. ಒತ್ತು.”

ವೈಸು ತಿರುಗಿತು. ಕರ್ರ್ ಎಂದು ಕಚ್ಚಿತು. ಜಾಯಿಂಟರಮ್ಮ ಅಭ್ಯಾಸಬಲದಿಂದ ಮೀಟರಿಗೆ ಕೈ ಹಾಕಿದಳು, ಎರಡೂ ಕೇಬಲ್ಲುಗಳನ್ನು ಹೋಲಿಸಿ ನೋಡಿದಳು, ಏಳು ಎಳೆಗಳೂ ಬೇಕಾದ ಕಡೆಗೇ ಅಡ್ಡ ಹೋಗಿದ್ದವು. ತಪ್ಪು ಜಾಗದಲ್ಲಿ ಪೀಂ ಎಂದಾಗಲೆಲ್ಲ ಅವಳ ಹಲ್ಲು ಜುಮ್ಮೆನ್ನುತ್ತಿತ್ತು. ಆದರೂ ಸಹಿಸಿದಳು.

ಕೇಬಲ್ ಕೂತಿತು. ಪರದೆ ಬೆಳಗಿತು. ತಂಗಿ ಡಿಸ್ಕು ತೂರಿಸಿದಳು. ಒಂದು ಗಳಿಗೆ ಏನೂ ಇಲ್ಲ. ಗುಜರಿಯವನೂ ಉಸಿರು ಹಿಡಿದು ಕೂತಿದ್ದ, ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಆಮೇಲೆ ಡ್ರೈವಿನ ಹಸಿರು ದೀಪ ಪಕ್ಕನೆ ಹತ್ತಿತು. ಗುರ್ರ್, ಕಟ, ಕಟಕಟ. ಪರದೆಯ ಮೇಲೆ ತಂಗಿಯ ಚಿತ್ತಾರಗಳ ಹೆಸರು ಒಂದರ ಕೆಳಗೊಂದು ಇಳಿದು ಬಂದವು. ಇರುವೆ ಸಾಲು. ಮೀನಿನ ಬೆನ್ನು. ಒಡೆದ ಕನ್ನಡಿ. ಅಕ್ಕನ ಕೋಪ.

“ಇದ್ಯಾವುದು ಅಕ್ಕನ ಕೋಪ?”

“ಚೂಪು ಚೂಪಾಗಿರೋ ಒಂದು ಚಿತ್ತಾರ. ತುಂಬಾ ಮಾರಾಟ ಆಗುತ್ತೆ,” ಎಂದಳು ತಂಗಿ. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು.

“ಹಾಗಾದ್ರೆ ನನಗೆ ಏನೂ ಇಲ್ವಾ?” ಎಂದ ಗುಜರಿಯವನು. ಹೊರಡುವಾಗ ಜಾಯಿಂಟರಮ್ಮ ಅವನ ಕೈಯಲ್ಲಿ ಇಲಿ ತಿಂದ ಕೇಬಲ್ಲನ್ನು ಇಡಲು ಹೋದಳು. ತಂಗಿ ಫಟ್ಟನೆ ಕಸಿದುಕೊಂಡು ಗೋಡೆಯ ಮೊಳೆಗೆ, ಜಡೆಯ ಸ್ವೆಟರಿನ ಪಕ್ಕಕ್ಕೆ, ತೂಗುಹಾಕಿದಳು. ಪಾಪ, ಅವನಿಗೆ ಒಂದು ಕಪ್ ಚಹಾ ಸಿಕ್ಕಿತು, ಕಾಲು ಮುರಿದ ಒಂದು ಸ್ಟೂಲ್ ಸಿಕ್ಕಿತು.

ಅವನು ಹೋದ ಮೇಲೆ ತಂಗಿ ಪರದೆಯ ಮುಂದೆ ಕೂತಳು. ಹಳೆಯದೊಂದನ್ನು ತೆರೆಯುತ್ತಾಳೆ ಎಂದು ಅಕ್ಕ ಅಂದುಕೊಂಡಿದ್ದಳು. ತಂಗಿ ಖಾಲಿ ಹಾಳೆಯೊಂದನ್ನು ತೆರೆದಳು. ಮೌಸ್ ಹಿಡಿದು ಮೊದಲ ಚೌಕ ತುಂಬಲು ಹೋದಳು. ಬಾಣ ಒಂದು ಚೌಕ ಆಚೆ ಹಾರಿತು. ಮತ್ತೆ ತಂದಳು. ಈಚೆ ಹಾರಿತು. ಅವಳ ತುಟಿ ಬಿಗಿಯಿತು.

ಜಾಯಿಂಟರಮ್ಮ ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು. ತಂಗಿಯ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಮೊದಲ ಸಲ ಸರಿಯಾಗಿ ನೋಡಿದಳು. ಮುಷ್ಟಿಯೊಳಗೆ ಸಿಕ್ಕ ಗುಬ್ಬಿಮರಿಯಂತೆ ಅದು ಅದುರುತ್ತಿತ್ತು.

“ನಡುಗ್ತಿದೆ ಕಣೇ,” ಎಂದಳು. “ಚೆನ್ನಾಗೇ ನಡುಗ್ತಿದೆ. ಚಳಿ ಅಲ್ಲ, ಏನಲ್ಲ. ನಂಗೆ ಭಯ ಆಗಿತ್ತು ಪುಟ್ಟೀ, ಅದಕ್ಕೆ ನೋಡ್ಲಿಲ್ಲ. ಸೋಮವಾರ ಡಾಕ್ಟರ ಹತ್ತಿರ ನಾನೂ ಬರ್ತೀನಿ.”

“ಬಂದು ಅವರ ತಪ್ಪನ್ನೂ ಹುಡುಕ್ತೀಯ.”

“ಇದ್ರೆ ಹುಡುಕ್ತೀನಿ. ಸರಿ, ಜರುಗು. ನೀನು ಹೇಳು, ನಾನು ಚೌಕ ತುಂಬ್ತೀನಿ. ಕೈ ನಂದು, ಕಣ್ಣು ನಿಂದು. ಇಬ್ಬರನ್ನೂ ಸೇರಿಸಿದ್ರೆ ಒಬ್ಬಳು ಗಟ್ಟಿಮುಟ್ಟಾದ ಹೆಂಗಸು ಆಗಲ್ವಾ?”

ತಂಗಿ ಹೇಳುತ್ತ ಹೋದಳು, ಅಕ್ಕ ತುಂಬುತ್ತ ಹೋದಳು. ಮೇಲಿನಿಂದ ಕೆಳಕ್ಕೆ ಎಂಟು ಸಾಲು ನೆಟ್ಟಗೆ ಇಳಿದವು, ಕಣ್ಣಿಗೆ ತಂಪಾಗುವಷ್ಟು ನೆಟ್ಟಗೆ. ಜಾಯಿಂಟರಮ್ಮನಿಗೆ ಈ ಕೆಲಸ ಹಿಡಿಸತೊಡಗಿತು.

“ಈಗ ನಾಲ್ಕನ್ನ ಎತ್ತಿ ಆಚೆ ನಾಲ್ಕರ ಮೇಲೆ ದಾಟಿಸು,” ಎಂದಳು ತಂಗಿ.

ಮೌಸ್ ನಿಂತಿತು. “ಇಷ್ಟು ಚೆನ್ನಾಗಿ ಬರ್ತಾ ಇದೆಯಲ್ಲೇ. ದಾಟಿಸಲೇಬೇಕಾ?”

“ದಾಟಿಸಲೇಬೇಕು.”

ಜಾಯಿಂಟರಮ್ಮ ಹಲ್ಲು ಕಚ್ಚಿಕೊಂಡು ದಾಟಿಸಿದಳು.